ಹಿಂದಿನ ಮಗ್ಗಲಾ ತೋರಸ್ರಿ

ದೊಡ್ಡವ್ವ ಕಸೂತಿ ಹಾಕಿದ ಬಟ್ಟೆಯ ಮುಂಬದಿಯನ್ನು ಮೊದಲು ನೋಡುವುದೇ ಇಲ್ಲ. ನಾವು ಎಷ್ಟೇ ಖುಷಿಯಿಂದ ಕೊಟ್ಟರೂ ಕೈಗೆ ಬಂದ ಕೂಡಲೇ ಮಗುಚುತ್ತಾರೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಬಾಗಿಲ ಬೆಳಕಿಗೆ ಹಿಡಿದು ಎಳೆ ಎಳೆಯಾಗಿ ನೋಡುತ್ತಾರೆ. "ಹಿಂದಿನ ಮಗ್ಗಲಾ ತೋರಸ್ರಿ ಮೊದಲ. ಮುಂದಿಂದು ಎಲ್ಲಾರೂ ಚಂದ ಮಾಡ್ತಾರ."

ಈ ಮಾತು ನನಗೆ ಹೊಸದೇನಲ್ಲ. ನಾನು 34 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಉತ್ತರ ಸರಿ ಇದ್ದರೆ ಸಾಲದು, ಹಂತ ತೋರಿಸು ಎಂದು ಎಷ್ಟು ಮಕ್ಕಳಿಗೆ ಅಂದಿದ್ದೇನೋ ಲೆಕ್ಕವಿಲ್ಲ. ಆದರೆ ಅರವತ್ತು ದಾಟಿದ ಮೇಲೆ ಒಬ್ಬ ಅಜ್ಜಿ ನನ್ನ ಹಂತಗಳನ್ನು ಹೀಗೆ ತಿರುಗಿಸಿ ನೋಡಿ, "ಬಿಚ್ಚ್ರಿ ಅಕ್ಕೋರ" ಎಂದು ಬಟ್ಟೆ ವಾಪಸ್ ಕೊಡುತ್ತಾರೆ ಅಂತ ಅಂದುಕೊಂಡಿರಲಿಲ್ಲ.

ನಿವೃತ್ತಿಯಾಗಿದ್ದು ಮೇ ತಿಂಗಳ ಕೊನೆಯ ದಿನ. ಶಾಲು, ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ. ಹೊತ್ತು ನೋಡುವ ಕೆಲಸವೇ ಮುಗಿದವರಿಗೆ ಗಡಿಯಾರ ಯಾಕೆ ಕೊಡುತ್ತಾರೋ ನನಗೆ ಇನ್ನೂ ತಿಳಿದಿಲ್ಲ. ಮೊದಲ ಎರಡು ವಾರ ಬೆಳಿಗ್ಗೆ ಒಂಬತ್ತೂವರೆಗೆ ಸೀರೆ ಉಟ್ಟು ರೆಡಿಯಾಗಿ, ಆಮೇಲೆ ಎಲ್ಲಿಗೆ ಹೋಗುವುದು ಅಂತ ಹೊಳೆಯದೆ ಅಡುಗೆಮನೆ ಡಬ್ಬಿ ಒರೆಸುತ್ತಿದ್ದೆ. ಮಗಳು ಫೋನಿನಲ್ಲಿ, "ಅವ್ವಾ, ವಾಕಿಂಗ್ ಹೋಗು" ಅಂದಳು. ಮಕ್ಕಳಿಗೆ ನಮ್ಮ ಎಲ್ಲ ಕಷ್ಟಕ್ಕೂ ಅದೊಂದೇ ಔಷಧ.

ಹೋದೆ. ಸಾಧನಕೇರಿ ನಮ್ಮ ಮನೆಯಿಂದ ಎರಡು ಓಣಿ ಆಚೆ. ಇಷ್ಟು ವರ್ಷ ಧಾರವಾಡದಲ್ಲಿದ್ದೂ ಆ ಕೆರೆಯನ್ನು ನಾನು ನೋಡಿದ್ದು ಬಸ್ಸಿನ ಅವಸರದಲ್ಲೇ. ನೆಂಟರು ಬಂದರೆ ವರಕವಿಗಳ ಮನೆ ತೋರಿಸಲು ಕರೆದುಕೊಂಡು ಹೋಗಿ, ಲೈನ್ ಬಜಾರಿನಲ್ಲಿ ಪೇಡೆ ಕೊಡಿಸಿ ಕಳಿಸುತ್ತಿದ್ದೆ, ಅಷ್ಟೇ. ಈಗ ಜೂನಿನ ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ನಿಧಾನವಾಗಿ ಸುತ್ತು ಹಾಕಿದರೆ ಬೇರೆಯೇ ಊರು ಅನ್ನಿಸಿತು. ಧಾರವಾಡದ ಮಳೆಗೆ ಅವಸರವಿಲ್ಲ. ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಎರಿ ಭೂಮಿ. ನಡುವೆ ಕೂತ ಊರು ಇದು. ಮೋಡ ಮಲೆನಾಡಿನ ಕಡೆಯಿಂದ ಬರುತ್ತದೆ, ಇಲ್ಲಿಗೆ ಬರುವಷ್ಟರಲ್ಲಿ ಅದರ ಸಿಟ್ಟು ಇಳಿದಿರುತ್ತದೆ. ಕೆರೆಯ ಆಚೆ ದಡದ ಒಣ ಕೊಂಬೆಯ ಮೇಲೆ ಒಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತ ಕೂತಿರುತ್ತಿತ್ತು. ಮಳೆ ಬರುತ್ತಿದ್ದಾಗಲೂ ಒಣಗಿಸುತ್ತಿತ್ತು. ನನ್ನ ಹಾಗೇ, ಮಾಡಿ ರೂಢಿಯಾದ ಕೆಲಸ ಬಿಡಲಾಗದ್ದು.

ಆ ಕೆರೆದಂಡೆಯಲ್ಲೇ ನಿವೃತ್ತ ನರ್ಸ್ ಒಬ್ಬರ ಪರಿಚಯವಾಯಿತು. ನಮ್ಮದೇ ಹಿಂದಿನ ಓಣಿಯವರಂತೆ! ಹತ್ತು ವರ್ಷದಿಂದ ಬೆನ್ನಿಗೆ ಬೆನ್ನು ಮನೆ, ಮುಖ ನೋಡಿರಲಿಲ್ಲ. "ಮಧ್ಯಾಹ್ನ ಏನ್ ಮಾಡ್ತೀರಿ?" ಅಂದರು. "ಏನಿಲ್ಲ" ಅಂದೆ. "ಹಂಗಾದ್ರ ದೊಡ್ಡವ್ವನ ಕಟ್ಟಿಗೆ ಬರ್ರಿ. ಮೂರರಿಂದ ಐದು. ಕಸೂತಿ ಹಾಕತೀವಿ, ಚಹಾ ಕುಡೀತೀವಿ, ಊರ ಮಂದಿ ಸುದ್ದಿ ಮಾತಾಡ್ತೀವಿ."

ಇಲ್ಲಿ ಒಂದು ತಪ್ಪೊಪ್ಪಿಗೆ. ಶಾಲೆಯಲ್ಲಿ ಹೊಲಿಗೆ ಪಿರಿಯಡ್ ಎಂದರೆ ನನ್ನ ಲೆಕ್ಕದಲ್ಲಿ ಖಾಲಿ ಪಿರಿಯಡ್. ಪರೀಕ್ಷೆ ಹತ್ತಿರ ಬಂತೆಂದರೆ ಆ ಟೀಚರ್ ಹತ್ತಿರ ಹೋಗಿ "ನಿಮ್ಮದೊಂದು ಕೊಡ್ರಿ, ಪ್ರಮೇಯ ಮುಗಿದಿಲ್ಲ" ಎಂದು ಇಸಿದುಕೊಳ್ಳುತ್ತಿದ್ದೆ. ಅವರು ಪಾಪ ಇಲ್ಲವೆಂದವರಲ್ಲ. ಎಷ್ಟು ವರ್ಷ ಹೀಗೆ ಮಾಡಿದೆನೋ. ಈಗ ಅವರು ಎಲ್ಲಿದ್ದಾರೋ, ಸಿಕ್ಕರೆ ಹೇಳಬೇಕು.

ಮೊದಲ ದಿನ ನಾನು ಹೋಗಿದ್ದು ಗ್ರಾಫ್ ಪುಸ್ತಕ, ಪೆನ್ಸಿಲ್, ರಬ್ಬರ್ ಹಿಡಿದುಕೊಂಡು. ದೊಡ್ಡವ್ವನಿಗೆ 78 ವರ್ಷ. ಓಣಿಯವರಿಗೆಲ್ಲ ಅವರು ದೊಡ್ಡವ್ವನೇ. ನನ್ನ ಪೆನ್ಸಿಲ್ ನೋಡಿ ನಕ್ಕರು. "ಬಟ್ಟಿ ಮ್ಯಾಲೆ ಗೆರಿ ಹೊಡಿಯೂದು ಇಲ್ರೀ ಇಲ್ಲೆ. ಎಳಿ ಎಣಸೂದು." ಕಸೂತಿಗೆ ನಕ್ಷೆ ಬರೆದುಕೊಳ್ಳುವುದಿಲ್ಲ. ನೇಯ್ದ ಬಟ್ಟೆಯ ಹಾಸು ಹೊಕ್ಕುಗಳೇ ಗ್ರಾಫ್. ನಾಲ್ಕು ಎಳೆ ಬಿಟ್ಟು ಸೂಜಿ ಇಳಿಸು, ಮತ್ತೆ ನಾಲ್ಕು ಎಳೆ ಬಿಟ್ಟು ಎತ್ತು. ಅಡ್ಡ, ಉದ್ದ, ಓರೆ. ಗೆರೆಗಳು ಇಷ್ಟೇ. ದುಂಡಗಿನ ಗೆರೆ ಕಸೂತಿಯಲ್ಲಿ ಇಲ್ಲ. ನವಿಲಿನ ಕತ್ತೂ ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು.

ಗಂಟೂ ಹಾಕುವಂತಿಲ್ಲ. ದಾರದ ತುದಿಯನ್ನು ಒಂದು ಬೆರಳಿನಷ್ಟು ಬಿಟ್ಟು ಶುರು ಮಾಡಿ, ಆಮೇಲೆ ಅದನ್ನು ಹೊಲಿಗೆಯ ಒಳಗೇ ನುಸುಳಿಸಿ ಮುಚ್ಚಬೇಕು. ನಾನು ಅಭ್ಯಾಸಬಲದಿಂದ ಮೊದಲ ದಿನವೇ ಬೆರಳಿಗೆ ದಾರ ಸುತ್ತಿ ಗಂಟು ಹೊಸೆದೆ. ದೊಡ್ಡವ್ವ ಏನೂ ಅನ್ನಲಿಲ್ಲ, ಕತ್ತರಿ ತೆಗೆದು ಕಚಕ್ ಅನ್ನಿಸಿದರು.

ಕಲಿಯುವವರಿಗೆ ಮ್ಯಾಟಿ ಬಟ್ಟೆ ಒಳ್ಳೆಯದು, ಎಳೆ ದಪ್ಪ, ಕಣ್ಣಿಗೆ ಕಾಣುತ್ತದೆ. ಇಳಕಲ್ ಸೀರೆಯ ಮೈಮೇಲೆ ಎಣಿಸುವುದಕ್ಕೆ ಕಣ್ಣು ಬೇಕು, ಅದಕ್ಕಿಂತ ಜಾಸ್ತಿ ತಾಳ್ಮೆ ಬೇಕು. ತೀರಾ ನಯವಾದ ಬಟ್ಟೆಯಾದರೆ ಜಾಳುಜಾಳಾದ ಕ್ಯಾನ್ವಾಸ್ ತುಂಡನ್ನು ಮೇಲೆ ಟಾಕು ಹಾಕಿ ಕೂರಿಸಿ, ಅದರ ಎಳೆ ಎಣಿಸಿ ಹೊಲಿದು, ಕೊನೆಗೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಈ ಎಳೆ ಕೀಳುವ ಕೆಲಸ ನನಗೆ ಬಹಳ ಇಷ್ಟ. ಕಡಲೆಕಾಯಿ ಸುಲಿದ ಹಾಗೆ, ಶುರು ಮಾಡಿದರೆ ಬಿಡಲಾಗದು.

ಇನ್ನು ಸೂಜಿಗೆ ದಾರ ಪೋಣಿಸುವುದು. ಕಟ್ಟೆಯ ಮೇಲೆ ಕೂರುವ ಆರು ಜನರಲ್ಲಿ ಐವರಿಗೆ ಹತ್ತಿರದ್ದು ಕಾಣದು. ದೊಡ್ಡವ್ವನ ಮೊಮ್ಮಗ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ, ಹಳೆಯ ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಹೋಗುತ್ತಾನೆ. ಕೂಲಿ ವಾರಕ್ಕೆ ಒಂದು ಚಾಕಲೇಟು. ಹತ್ತು ಮುಗಿದರೆ ಆವತ್ತಿನ ಕೆಲಸ ಮುಗಿಯಿತು. ಪರೀಕ್ಷೆಯ ದಿನಗಳಲ್ಲಿ ಅವನು ಐದಕ್ಕೇ ನಿಲ್ಲಿಸಿಬಿಡುತ್ತಾನೆ. ಆಗ ನಾವು ಮಾತಾಡುವುದೇ ಜಾಸ್ತಿ.

ಕಸೂತಿಯಲ್ಲಿ ಹೊಲಿಗೆ ನಾಲ್ಕು. ಗವಂತಿ, ಮುರಗಿ, ನೇಗಿ, ಮೆಂತಿ. ಮೆಂತಿ ಎಂದರೆ ಮೆಂತೆಕಾಳಿನಂಥ ಕತ್ತರಿ ಹೊಲಿಗೆ. ನೇಗಿ ನೇಯ್ದ ಹಾಗೆ ಕಾಣುತ್ತದೆ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಆದರೆ ನನ್ನ ನಿದ್ದೆಗೆಡಿಸಿದ್ದು ಗವಂತಿ. ಅದು ನೋಡಲು ಅತಿ ಸುಲಭ. ಸೂಜಿ ಮೇಲೆ ಕೆಳಗೆ ಮೇಲೆ ಕೆಳಗೆ ಹೋಗುತ್ತದೆ. ಹೋಗುವಾಗ ಮುಂಬದಿಯಲ್ಲಿ ಒಂದು ಗೆರೆ, ಒಂದು ಖಾಲಿ ಜಾಗ. ಬರುವಾಗ ಆ ಖಾಲಿ ಜಾಗಗಳು ತುಂಬುತ್ತವೆ. ಸರಿಯಾಗಿ ಮಾಡಿದರೆ ಬಟ್ಟೆಯ ಎರಡೂ ಬದಿ ಒಂದೇ ಥರ.

ದೊಡ್ಡವ್ವ ಮೊದಲು ಕೊಟ್ಟ ಲೆಕ್ಕ ಒಂದು ಸಣ್ಣ ಚೌಕ. ನಾಲ್ಕು ಬದಿ, ನಾಲ್ಕು ಹೊಲಿಗೆ. ಇದೇನು ಮಹಾ ಅಂತ ಹೊರಟೆ. ಮೊದಲ ಬದಿ ಮೇಲೆ, ಎರಡನೆಯದು ಕೆಳಗೆ, ಮೂರನೆಯದು ಮೇಲೆ, ನಾಲ್ಕನೆಯದು ಕೆಳಗೆ. ಶುರು ಮಾಡಿದ ಮೂಲೆಗೇ ಬಂದೆ. ಈಗ ಖಾಲಿ ಇರುವುದನ್ನು ತುಂಬಲು ಇನ್ನೊಂದು ಸುತ್ತು ಹಾಕಿದರಾಯಿತು, ಅಲ್ವಾ? ಹಾಕಿದೆ. ನೋಡಿದರೆ ಮುಂಬದಿಯಲ್ಲಿ ಎರಡು ಬದಿ ದಪ್ಪಗೆ ಎರಡೆರಡು ದಾರ, ಉಳಿದೆರಡು ಬದಿ ಬೋಳು. ಬಿಚ್ಚಿದೆ. ಮತ್ತೆ ಹಾಕಿದೆ. ಮತ್ತೆ ಅದೇ. 34 ವರ್ಷ ಗಣಿತ ಕಲಿಸಿದವಳಿಗೆ ನಾಲ್ಕು ಬದಿಯ ಚೌಕ ಬರುತ್ತಿಲ್ಲ!

ಕಟ್ಟೆಯಲ್ಲಿ ಎಲ್ಲರೂ ನಗುತ್ತಿದ್ದರು. ಟೇಲರ್ ಅಕ್ಕ ಹೇಳಲು ಬಾಯಿ ತೆಗೆದರೆ ದೊಡ್ಡವ್ವ ಸುಮ್ಮನಿರು ಎಂದು ಕಣ್ಣು ಮಾಡಿದರು. ಒಳ್ಳೆಯ ಮಾಸ್ತರರ ಲಕ್ಷಣ ಅದು, ನನಗೆ ಗೊತ್ತು. ಸಿಟ್ಟು ಬಂದರೂ ಮೆಚ್ಚಿಕೊಂಡೆ.

ರಾತ್ರಿ ಮನೆಯಲ್ಲಿ ಕಾಗದ ಹಿಡಿದು ಕೂತೆ. ಚೌಕದ ಬದಿ ನಾಲ್ಕು, ಸಮಸಂಖ್ಯೆ. ಮೊದಲ ಬದಿ ಒಂದನೇ ಹೆಜ್ಜೆ, ಅದು ಮೇಲೆ. ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹೋದರೆ ಅದೇ ಬದಿ ಐದನೇ ಹೆಜ್ಜೆಗೆ ಬರುತ್ತದೆ. ಐದೂ ಬೆಸ, ಅದೂ ಮೇಲೆಯೇ! ಹಾಗಾಗಿ ಮೇಲಿದ್ದದ್ದು ಮತ್ತೆ ಮೇಲೆಯೇ, ಕೆಳಗಿದ್ದದ್ದು ಮತ್ತೆ ಕೆಳಗೆಯೇ. ಆದರೆ ಮೂಲೆಗೆ ಬಂದ ಮೇಲೆ ತಿರುಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟರೆ? ನಾಲ್ಕನೇ ಹೆಜ್ಜೆಯ ಬದಿ ಐದನೇ ಹೆಜ್ಜೆಗೆ ಸಿಗುತ್ತದೆ. ಸಮ ಹೋಗಿ ಬೆಸ. ಕೆಳಗಿದ್ದದ್ದು ಮೇಲೆ. ಹಾಗೇ ಮೂರನೆಯದು ಆರಕ್ಕೆ, ಎರಡನೆಯದು ಏಳಕ್ಕೆ, ಒಂದನೆಯದು ಎಂಟಕ್ಕೆ. ಎಲ್ಲವೂ ತಾನಾಗಿ ಕೂರುತ್ತದೆ. ರಾತ್ರಿ ಹನ್ನೊಂದಕ್ಕೆ ಎದ್ದು ಹೊಲಿದು ನೋಡಿದೆ. ಎರಡೂ ಬದಿ ಒಂದೇ ಚೌಕ. ಒಬ್ಬಳೇ ಜೋರಾಗಿ ನಕ್ಕೆ.

ಮರುದಿನ ತೋರಿಸಿದರೆ ದೊಡ್ಡವ್ವ ಮಗುಚಿ ನೋಡಿ, "ಹಾಂ. ಗವಂತಿಗೆ ಪ್ರದಕ್ಷಿಣಿ ನಡಿಯೂದಿಲ್ರೀ. ಹೋದ ದಾರೀಲೇ ತಿರುಗಿ ಬರಬೇಕು" ಅಂದರು. ನಾನು ಒಂದು ಪುಟ ಬರೆದದ್ದನ್ನು ಒಂದೇ ಸಾಲಿನಲ್ಲಿ.

ನಾನು ಸುಮ್ಮನಿರಲಿಲ್ಲ. ಪಾಠ ಮಾಡುವ ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ. ಕೋನಿಗ್ಸ್‌ಬರ್ಗ್ ಎಂಬ ಊರಿನ ಕಥೆ ತೆಗೆದೆ. ಒಂದು ಹೊಳೆ, ಏಳು ಸೇತುವೆ. ಒಂದೊಂದು ಸೇತುವೆಯನ್ನೂ ಒಂದೇ ಸಲ ದಾಟಿ ಇಡೀ ಊರು ಸುತ್ತಲು ಆಗುತ್ತದೆಯೇ ಎಂದು ಆ ಊರಿನವರು ತಲೆ ಕೆಡಿಸಿಕೊಂಡಿದ್ದರು. 18ನೇ ಶತಮಾನದಲ್ಲಿ ಆಯ್ಲರ್ ಎಂಬ ಗಣಿತಜ್ಞ, ಆಗುವುದಿಲ್ಲ ಎಂದು ತೋರಿಸಿಕೊಟ್ಟ. ಹೊಳೆ ಬೇರ್ಪಡಿಸಿದ ನಾಲ್ಕೂ ನೆಲದ ತುಂಡುಗಳಿಗೆ ಬೆಸಸಂಖ್ಯೆಯ ಸೇತುವೆಗಳಿದ್ದವು, ಅದೇ ತೊಡಕು. ಕೈ ಆಡಿಸಿ ಆಡಿಸಿ ಹೇಳಿದೆ. ಎಲ್ಲರೂ ಸೂಜಿ ನಿಲ್ಲಿಸಿ ಕೇಳಿದರು. ದೊಡ್ಡವ್ವ ಸೂಜಿ ನಿಲ್ಲಿಸದೆಯೇ ಕೇಳಿದರು.

"ಆ ಊರಾಗ ಕಸೂತಿ ಹಾಕೂ ಹೆಣ್ಮಕ್ಕಳು ಇರಲಿಲ್ಲೇನ್ರಿ? ಒಂದೊಂದು ಎರಡೆರಡು ಸಲ ದಾಟಿದ್ರ ಮುಗೀತಲ್ಲ."

ನಾನು ಬಾಯಿ ಮುಚ್ಚಿದೆ. ಸರಿಯಾದ ಮಾತು ಅದು. ಪ್ರತಿ ದಾರಿಯನ್ನೂ ಎರಡು ಸಲ ನಡೆಯಬಹುದು ಅಂದರೆ ಬೆಸ ಎನ್ನುವುದೇ ಉಳಿಯುವುದಿಲ್ಲ, ಎಂಥ ಊರನ್ನಾದರೂ ಸುತ್ತಿ ಹೊರಟಲ್ಲಿಗೇ ಬರಬಹುದು. ಅದಕ್ಕೇ ಗೋಪುರ, ತೇರು, ತುಳಸಿಕಟ್ಟೆ, ಆನೆ ಅಂಬಾರಿ, ಏನೇ ಇರಲಿ, ಚಿತ್ರದ ಗೆರೆಗಳು ಒಂದಕ್ಕೊಂದು ಕೂಡಿದ್ದರೆ ಗವಂತಿಯಲ್ಲಿ ಹಾಕಲು ಬರುತ್ತದೆ. ಕವಲು ಬಂದಲ್ಲಿ ತುದಿಯವರೆಗೆ ಹೋಗಿ ಬಂದು, ಮುಂದೆ ನಡೆಯಬೇಕು. ಇದನ್ನು ಶಾಲೆಯಲ್ಲಿ ಒಂದೇ ಒಂದು ದಿನ ಮಕ್ಕಳ ಕೈಯಲ್ಲಿ ಸೂಜಿ ಕೊಟ್ಟು ಕಲಿಸಿದ್ದರೆ! ಆ ಹೊಲಿಗೆ ಪಿರಿಯಡ್‌ಗಳು ನೆನಪಾಗಿ ಹೊಟ್ಟೆ ಉರಿಯಿತು.

ಆಷಾಢ ಹೋಗಿ ಶ್ರಾವಣ ಬಂತು. ಪಂಚಮಿಗೆ ಕಟ್ಟೆಯ ಮುಂದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ಆ ವಾರ ಯಾರೂ ಸೂಜಿ ಮುಟ್ಟಲಿಲ್ಲ. ಮನೆಮನೆಯಿಂದ ಉಂಡಿ ಬಂದವು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ. ತವರಿಗೆ ಬಂದ ಹೆಣ್ಣುಮಕ್ಕಳು ಜೀಕಿದರು. ನರ್ಸ್ ಅಕ್ಕ ಅರವತ್ತೆಂಟನೇ ವಯಸ್ಸಿಗೆ ನಿಂತು ಜೀಕಿದರು. ನಾನು ಕೂತು ಜೀಕಿದೆ. ದಾರ ತರಲು ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗುವುದೂ ನಮಗೊಂದು ಹಬ್ಬವೇ. ದಾರಕ್ಕೆ ಅರ್ಧ ಗಂಟೆ, ದುರ್ಗದ ಬೈಲಿನ ಗಿರ್ಮಿಟ್ ಮತ್ತು ಮಿರ್ಚಿ ಭಜಿಗೆ ಒಂದು ಗಂಟೆ.

ಮುಂದಿನ ಬೇಸಿಗೆಯ ಹೊತ್ತಿಗೆ ನನಗೆ ಸೊಕ್ಕು ಬಂದಿತ್ತು. ಸ್ವಂತ ಚಿತ್ರ ಹಾಕುತ್ತೇನೆಂದು ಕೆರೆಯ ಆ ನೀರುಕಾಗೆಯನ್ನು ಎತ್ತಿಕೊಂಡೆ. ರೆಕ್ಕೆ ಸುಲಭ, ಮುರಗಿಯ ಮೆಟ್ಟಿಲು ಎರಡೂ ಕಡೆಗೆ ಇಳಿದರಾಯಿತು. ತೊಂದರೆ ಕೊಟ್ಟದ್ದು ಕತ್ತು. ದಿನಾ ಬೆಳಿಗ್ಗೆ ಕೆರೆಗೆ ಹೋಗಿ ನಿಂತು ಅದರ ಕತ್ತನ್ನು ಚೌಕಗಳಾಗಿ ಒಡೆದು ನೋಡುತ್ತಿದ್ದೆ. ವಾಕಿಂಗ್‌ನವರು ನನ್ನನ್ನು ಪಕ್ಷಿ ವೀಕ್ಷಕಿ ಅಂದುಕೊಂಡು ಹಕ್ಕಿಗಳ ಹೆಸರು ಕೇಳಲು ಶುರು ಮಾಡಿದರು. ಗೊತ್ತಿದ್ದದ್ದು ಬೆಳ್ಳಕ್ಕಿ, ಮಿಂಚುಳ್ಳಿ, ಅಷ್ಟೇ. ಅವೆರಡನ್ನೇ ತಿರುಗಿಸಿ ತಿರುಗಿಸಿ ಹೇಳಿದೆ. ಮೂರು ವಾರದ ಮೇಲೆ ಮುಗಿದ ಕಾಗೆಯನ್ನು ದೊಡ್ಡವ್ವನ ಕೈಗಿಟ್ಟೆ. ಮಗುಚಿ ನೋಡಿದರು. ಹಿಂಬದಿ ಚೊಕ್ಕ ಇತ್ತು. ಆಮೇಲೆ ಮುಂಬದಿ ನೋಡಿ, "ಕೊಡಿ ಛಲೋ ಬಂದೈತ್ರಿ" ಅಂದರು. ಅದು ಈಗ ನಮ್ಮ ಫ್ರಿಜ್ಜಿನ ಮೇಲೆ ಕೊಡೆಯಾಗಿಯೇ ಇದೆ.

ನಡುವೆ ಒಂದು ಬೇಜಾರಿನ ಸಂಗತಿಯೂ ಆಯಿತು. ಒಂದು ಅಂಗಡಿಯವರು ದುಪಟ್ಟಾಕ್ಕೆ ಕಸೂತಿ ಹಾಕಿಕೊಡಿ ಎಂದು ಕೇಳಿದರು. ಕೊಡುವ ದುಡ್ಡು ಕಡಿಮೆ, ಬೇಕಾದ್ದು ಬೇಗ. ದೊಡ್ಡವ್ವ ದಿನಕ್ಕೆ ಇಷ್ಟೇ ಆಗುವುದು ಅಂದಾಗ ಅವರು, "ಹಿಂದಗಡೆ ಹೆಂಗಿದ್ರೂ ನಡಿತೈತ್ರಿ, ಲೈನಿಂಗ್ ಹಾಕಿಬಿಡತೀವಿ, ಯಾರು ನೋಡ್ತಾರ" ಅಂದರಂತೆ. ದೊಡ್ಡವ್ವ ಬಟ್ಟೆ ಮಡಚಿ ವಾಪಸ್ ಕೊಟ್ಟರು. ಟೇಲರ್ ಅಕ್ಕ ತೆಗೆದುಕೊಂಡಳು. ಅವಳ ಮಗನ ಕಾಲೇಜು ಫೀ ಕಟ್ಟುವುದಿತ್ತು. ಎರಡು ವಾರ ಕಟ್ಟೆಗೆ ಬರಲಿಲ್ಲ, ನಾಚಿಕೆಯಿಂದ. ಕೊನೆಗೆ ದೊಡ್ಡವ್ವನೇ ಮೊಮ್ಮಗನ ಕೈಯಲ್ಲಿ ದಾರ ಪೋಣಿಸಿದ ಆರು ಸೂಜಿ ಕಳಿಸಿದರು. ಮರುದಿನ ಬಂದಳು. ಯಾರೂ ಏನೂ ಕೇಳಲಿಲ್ಲ. ಈಗ ಮಾರುಕಟ್ಟೆಯಲ್ಲಿ ಕಂಪ್ಯೂಟರ್ ಕಸೂತಿಯ ಸೀರೆಗಳೇ ಜಾಸ್ತಿ. ಮುಂದಿನಿಂದ ನೋಡಿದರೆ ನನಗೂ ಗುರುತು ಸಿಗುವುದಿಲ್ಲ, ಅಷ್ಟು ಚೆನ್ನಾಗಿರುತ್ತವೆ. ಮಗುಚಿದರೆ ಬಿಳಿ ದಾರದ ಸಿಕ್ಕು. ಹೀಗಾಗಿ ನಾನೂ ಈಗ ಅಂಗಡಿಯಲ್ಲಿ ಸೀರೆ ಬಿಚ್ಚಿಸಿ ಮೊದಲು ಹಿಂಬದಿ ನೋಡುತ್ತೇನೆ. ಅಂಗಡಿ ಹುಡುಗರಿಗೆ ನನ್ನನ್ನು ಕಂಡರೆ ಆಗದು.

ಎರಡನೇ ವರ್ಷದ ಚಳಿಗಾಲದಲ್ಲಿ ಹೂವು ಮಾರುವ ಅಕ್ಕನ ಮಗಳು ಹೆತ್ತಳು. ಹೆಣ್ಣು ಕೂಸು. ಹೆಸರಿಡುವ ದಿನಕ್ಕೆ ಕಟ್ಟೆಯವರೆಲ್ಲ ಸೇರಿ ಒಂದು ಕುಂಚಿಗೆ ಮಾಡುವುದೆಂದಾಯಿತು. ತಲೆಯಿಂದ ಬೆನ್ನಿನವರೆಗೆ ಇಳಿಯುವ ಕೂಸಿನ ಟೊಪ್ಪಿಗೆ ಅದು. ಹಿಂದೆ ಕಸೂತಿ ಇಲ್ಲದ ಕುಂಚಿಗೆಯೇ ಇರುತ್ತಿರಲಿಲ್ಲವಂತೆ. ಕರಿ ಬಟ್ಟೆ, ಕೆಂಪು ಮತ್ತು ಹಳದಿ ದಾರ. ಅಂಚಿನ ಸಾಲು ನರ್ಸ್ ಅಕ್ಕನಿಗೆ, ನವಿಲು ಟೇಲರ್ ಅಕ್ಕನಿಗೆ, ಗೋಪುರ ದೊಡ್ಡವ್ವನಿಗೆ. ನನಗೆ ತೊಟ್ಟಿಲು. ಎಲ್ಲವೂ ಗವಂತಿ ಮತ್ತು ಮುರಗಿಯಲ್ಲೇ, ಎರಡೂ ಬದಿ ಒಂದೇ ಕಾಣಬೇಕೆಂದು ದೊಡ್ಡವ್ವನ ಹಟ. "ಕೂಸಿನ ಮೈಗೆ ಹತ್ತೂದು ಹಿಂದಿನ ಮಗ್ಗಲಾನ ಅಲ್ರೀ? ಗಂಟು ಚುಚ್ಚಬಾರದು." ಗಂಟು ಯಾಕೆ ಹಾಕಬಾರದು ಎಂಬುದಕ್ಕೆ ಎರಡು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಕಾರಣ ಅದು.

ತೊಟ್ಟಿಲಿನ ಒಂದು ಸರಪಳಿಯಲ್ಲಿ ನಾಲ್ಕರ ಬದಲು ಮೂರು ಎಳೆ ಎಣಿಸಿದ್ದೆ. ಹೋಗುವಾಗ ಗೊತ್ತಾಗಲಿಲ್ಲ. ತಿರುಗಿ ಬರುವಾಗ ಕೂಡಬೇಕಾದಲ್ಲಿ ಗೆರೆ ಕೂಡಲಿಲ್ಲ. ಹೆಸರಿಡುವುದು ನಾಳೆ. ಸಂಜೆ ಏಳರವರೆಗೆ ಬಿಚ್ಚಿದೆ, ಕರೆಂಟ್ ಹೋಯಿತು, ಟೇಲರ್ ಅಕ್ಕ ಮೊಬೈಲ್ ಬೆಳಕು ಹಿಡಿದಳು. ಒಂಬತ್ತಕ್ಕೆ ಮುಗಿಯಿತು. ದೊಡ್ಡವ್ವ ನಿದ್ದೆಗಣ್ಣಿನಲ್ಲೇ ಮಗುಚಿ ನೋಡಿದರು. ಏನೂ ಅನ್ನದೆ ಮಡಚಿ ಅರಿಶಿನ ಕುಂಕುಮದ ತಟ್ಟೆಯಲ್ಲಿಟ್ಟರು. ಅವರು ಏನೂ ಅನ್ನದಿದ್ದರೆ ಅದೇ ನೂರಕ್ಕೆ ನೂರು.

ಮರುದಿನ ಹೋದಾಗ ಕೂಸು ತೊಟ್ಟಿಲಲ್ಲಿತ್ತು, ತಲೆಗೆ ನಮ್ಮ ಕುಂಚಿಗೆ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಫೋಟೊ ತೆಗೆದರು. ಊಟವೂ ಆಯಿತು. ಕೈ ತೊಳೆದು ಬಂದು ಕೂಸನ್ನು ಎತ್ತಿಕೊಂಡ ದೊಡ್ಡವ್ವ ಕುಂಚಿಗೆಯ ಅಂಚನ್ನು ಬೆರಳಿನಿಂದ ಸವರಿ, ಒಮ್ಮೆಲೇ ನಗಲು ಶುರು ಮಾಡಿದರು. ಟೇಲರ್ ಅಕ್ಕ ಹಾಕಿದ ಜೋಡಣೆ ಹೊಲಿಗೆಯ ಪಟ್ಟಿ ಹೊರಗಿತ್ತು. ಬಾಣಂತಿ ಗಡಿಬಿಡಿಯಲ್ಲಿ ಒಳಗಿನದನ್ನು ಹೊರಗೆ ಮಾಡಿ ಕಟ್ಟಿದ್ದಳು. ಮುಂಜಾನೆಯಿಂದ ನಲವತ್ತು ಜನ ನೋಡಿದ್ದರು. ಮಾಡಿದ ನಾವೇ ನೋಡಿದ್ದೆವು.

ಬಾಣಂತಿ ಕೆಂಪಗಾಗಿ, "ಬಿಚ್ಚಿ ಸರಿ ಮಾಡ್ತೀನ್ರಿ ದೊಡ್ಡವ್ವಾ" ಎಂದು ಕೈ ಚಾಚಿದಳು.

"ಬ್ಯಾಡ ಬಿಡು, ಮಲಗೈತಿ" ಅಂದರು ದೊಡ್ಡವ್ವ. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕೋರ, ನಿಮ್ಮ ತೊಟ್ಟಲಾ ಯಾವ ಮಗ್ಗಲಾ ಕಾಣಾಕತ್ತೈತಿ, ಹೇಳ್ರಿ ನೋಡೋಣ" ಅಂದರು. ನಾನು ಕನ್ನಡಕ ಹಾಕಿಕೊಂಡು ಬಾಗಿ ನೋಡಿದೆ. ಹೇಳಲಾಗಲಿಲ್ಲ.